ಚಿಹ್ನೆ ತಪ್ಪಿದ ಕೈಪಿಡಿ

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯನ್ನು ಒಮ್ಮೆಯಾದರೂ ಕಂಡವರಿಗೆ ಅಲ್ಲಿಯ ಚೀಟಿಗಳ ಮಹಿಮೆ ತಿಳಿದಿರಬೇಕು. ರೈತನು ತಿಂಗಳುಗಟ್ಟಲೆ ದುಡಿದು, ಬ್ಯಾರನ್ನಿನ ಬಿಸಿಯಲ್ಲಿ ಎಲೆಯನ್ನು ಹದಮಾಡಿ, ಬಣ್ಣ ನೋಡಿ ವಿಂಗಡಿಸಿ, ಬೇಲು ಕಟ್ಟಿ ಅಲ್ಲಿಗೆ ತರುತ್ತಾನೆ. ಸಾಲುಸಾಲಾಗಿ ಇಟ್ಟ ಬೇಲುಗಳಲ್ಲಿ ಯಾವುದು ಯಾರದು, ಯಾವ ದರ್ಜೆಯದು ಎಂಬುದನ್ನು ಹೇಳತಕ್ಕದ್ದು ಅವುಗಳ ಮೇಲಿನ ಚೀಟಿ. ಚೀಟಿ ಅದಲುಬದಲಾದರೆ ಎಲೆಯ ಬಣ್ಣವೇನೂ ಕೆಡದು, ತೂಕವೂ ಕಡಿಮೆಯಾಗದು. ಆದರೆ ಒಬ್ಬನ ಬೆವರಿನ ಬೆಲೆ ಇನ್ನೊಬ್ಬನ ಖಾತೆಗೆ ಸೇರಿಹೋಗುತ್ತದೆ.

ಅಕ್ಷರಪ್ರಪಂಚದಲ್ಲಿಯೂ ಇಂಥ ಚೀಟಿಗಳುಂಟು. ಇದು ಶೀರ್ಷಿಕೆ, ಇದು ಉದಾಹರಣೆ, ಇದು ಗ್ರಂಥಕರ್ತನ ಮಾತು, ಇದು ಸಂಪಾದಕನು ಸೇರಿಸಿದ ಮಾತು ಎಂದು ತಿಳಿಸುವ ಗುರುತುಗಳವು. ಹಿಂದೆ ಕರಡಚ್ಚನ್ನು ತಿದ್ದುವವರು ಹಸ್ತಪ್ರತಿಯ ಅಂಚಿನಲ್ಲಿ ಕೆಂಪು ಮಸಿಯಿಂದ ಇಂಥ ಗುರುತುಗಳನ್ನು ಹಾಕುತ್ತಿದ್ದರು. ಅಚ್ಚುಮೊಳೆ ಜೋಡಿಸುವವನು ಅವನ್ನು ನೋಡಿ ಎಲ್ಲಿ ದಪ್ಪ ಅಕ್ಷರ, ಎಲ್ಲಿ ಓರೆ ಅಕ್ಷರ ಎಂಬುದನ್ನು ಅರಿಯುತ್ತಿದ್ದನು. ಕಂಪ್ಯೂಟರ್ ಬಂದಮೇಲೆ ಆ ಗುರುತುಗಳು ಅಂಚನ್ನು ಬಿಟ್ಟು ಸಾಲಿನೊಳಕ್ಕೇ ಬಂದು ಕುಳಿತವು. 1969ರಲ್ಲಿ ಐಬಿಎಂ ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇವಕ್ಕೊಂದು ಶಾಸ್ತ್ರೀಯವಾದ ರೂಪವನ್ನು ಕೊಟ್ಟರು. ಇಂದು ಮೊಬೈಲಿನ ಪರದೆಯ ಮೇಲೆ ಕಾಣುವ ಪುಟಗಳಿಗೆಲ್ಲ ಆಧಾರವಾದ ಎಚ್‌ಟಿಎಂಎಲ್ ಎಂಬುದು ಅದರ ಸಂತತಿಯೇ. ಇದಕ್ಕೆ ಮಾರ್ಕಪ್ ಎಂದು ಹೆಸರು. ಓದುಗನ ಕಣ್ಣಿಗೆ ಈ ಗುರುತುಗಳು ಬೀಳುವುದಿಲ್ಲ. ಅವುಗಳ ಫಲ ಮಾತ್ರ ಬೀಳುತ್ತದೆ. ಆದುದರಿಂದಲೇ ಅವು ತಪ್ಪಿದಾಗ, ತಪ್ಪಿದ್ದು ಎಲ್ಲಿ ಎಂಬುದು ಓದುಗನಿಗೆ ತಿಳಿಯುವುದಿಲ್ಲ.

ಕತೆಯಲ್ಲಿ ಒಂದು ಗುರುತು ತಪ್ಪಿದರೆ ಓದುಗನು ಹುಬ್ಬುಗಂಟಿಕ್ಕಿ ಮುಂದೆ ಸಾಗಿಯಾನು. ಆದರೆ ಪ್ರೋಗ್ರಾಮುಗಳ ಲೈಬ್ರರಿಗೆ ಬರೆದ ಆಕರ ಕೈಪಿಡಿಯಲ್ಲಿ ತಪ್ಪಿದರೆ ಏನಾದೀತು? ಇಲ್ಲಿ ಲೈಬ್ರರಿ ಎಂದರೆ ಪುಸ್ತಕಾಲಯವಲ್ಲ. ಒಬ್ಬರು ಬರೆದಿಟ್ಟು, ನೂರಾರು ಮಂದಿ ಎರವಲು ಪಡೆದು ಬಳಸುವ ಸಿದ್ಧ ಕ್ರಮವಿಧಿಗಳ ಭಂಡಾರ. ಬಡಗಿಯು ಪ್ರತಿಸಲವೂ ಉಳಿಯನ್ನು ತಾನೇ ಕಾಸಿ ಬಡಿಯದೆ ಕಮ್ಮಾರನಿಂದ ತರುವಂತೆ, ಪ್ರೋಗ್ರಾಂ ಬರೆಯುವವನು ವರ್ಗಮೂಲ ತೆಗೆಯುವ, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವ, ಚಿತ್ರವನ್ನು ಕುಗ್ಗಿಸುವ ವಿಧಿಗಳನ್ನು ಈ ಭಂಡಾರದಿಂದ ತರುತ್ತಾನೆ. ಯಾವ ಉಳಿ ಎಲ್ಲಿದೆ, ಅದನ್ನು ಹಿಡಿಯುವ ಬಗೆ ಯಾವುದು, ತಪ್ಪಾಗಿ ಹಿಡಿದರೆ ಏನಾಗುತ್ತದೆ ಎಂಬುದನ್ನು ಹೇಳುವುದೇ ಆಕರ ಕೈಪಿಡಿ.

ಕನ್ನಡ ವ್ಯಾಕರಣವನ್ನು ಓದಿದವರಿಗೆ ಇದರ ರಚನೆ ಹೊಸದೆನಿಸದು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಮೊದಲು ಸೂತ್ರ, ಅದರ ಮೇಲೆ ವೃತ್ತಿ, ಬಳಿಕ ಪ್ರಯೋಗ ಎಂಬ ಕ್ರಮವನ್ನಿಟ್ಟುಕೊಂಡನು. ಇಂದಿನ ಕೈಪಿಡಿಯ ಪ್ರತಿಯೊಂದು ನಮೂದೂ ಇದೇ ಮೂರು ಮೆಟ್ಟಿಲನ್ನು ಏರುತ್ತದೆ. ವಿಧಿಯ ಹೆಸರು ಮತ್ತು ಅದು ಬೇಡುವ ಅಂಶಗಳು ಸೂತ್ರದ ಸ್ಥಾನದಲ್ಲಿರುತ್ತವೆ. ಅವುಗಳ ವಿವರಣೆ ವೃತ್ತಿ. ಕೊನೆಯಲ್ಲಿ ಹಾಗೆಯೇ ನಕಲುಮಾಡಿ ನಡೆಸಿನೋಡಬಹುದಾದ ಉದಾಹರಣೆಯೇ ಪ್ರಯೋಗ. ಸೂತ್ರ ಎಲ್ಲಿ ಮುಗಿಯಿತು, ವೃತ್ತಿ ಎಲ್ಲಿ ಮೊದಲಾಯಿತು ಎಂಬುದು ಓದುವವನಿಗೆ ತಿಳಿಯದೆ ಹೋದರೆ ಕೇಶಿರಾಜನಂಥವನ ಶ್ರಮವೂ ವ್ಯರ್ಥವಾದೀತು. ಆ ಗಡಿಗಳನ್ನು ಕಾಯುವುದೇ ಗುರುತುಚಿಹ್ನೆಗಳ ಕೆಲಸ.

ಅವು ತಪ್ಪುವ ಬಗೆಗಳನ್ನು ಒಂದೊಂದಾಗಿ ನೋಡಬಹುದು.

ಮೊದಲನೆಯದು ನಕ್ಷತ್ರಚಿಹ್ನೆಯ ಚೇಷ್ಟೆ. 2004ರಲ್ಲಿ ಜಾನ್ ಗ್ರೂಬರ್ ಎಂಬುವರು ಮಾರ್ಕ್‌ಡೌನ್ ಎಂಬ ಸುಲಭವಾದ ಗುರುತುಪದ್ಧತಿಯನ್ನು ಹೊರತಂದರು. ಅದರಲ್ಲಿ ಒಂದು ಮಾತಿನ ಆಚೀಚೆ ನಕ್ಷತ್ರವನ್ನಿಟ್ಟರೆ ಆ ಮಾತು ಓರೆ ಅಕ್ಷರದಲ್ಲಿ ಮೂಡುತ್ತದೆ. ಪ್ರೋಗ್ರಾಮುಗಳಲ್ಲಿಯಾದರೋ ನಕ್ಷತ್ರವೆಂದರೆ ಗುಣಾಕಾರ. ಲೇಖಕನು ವಿವರಣೆಯ ಮಧ್ಯದಲ್ಲಿ ಯಾವ ಎಚ್ಚರಿಕೆಯನ್ನೂ ಇಡದೆ 2*3*4 ಎಂದು ಬರೆದನೆಂದರೆ, ಯಂತ್ರವು ಎರಡು ನಕ್ಷತ್ರಗಳನ್ನೂ ಗುರುತೆಂದು ಬಗೆದು ನುಂಗಿಬಿಡುತ್ತದೆ. ಪುಟದ ಮೇಲೆ 234 ಎಂದು ಮೂಡಿ, ನಡುವಿನ 3 ಮಾತ್ರ ತುಸು ಓರೆಯಾಗಿ ನಿಂತಿರುತ್ತದೆ. ಇಪ್ಪತ್ತನಾಲ್ಕು ಇನ್ನೂರ ಮೂವತ್ತನಾಲ್ಕಾಯಿತು! ಪೈಥಾನ್ ಭಾಷೆಯಲ್ಲಿ __ಇನಿಟ್__ ಎಂಬ ವಿಧಿಯ ಹೆಸರಿನ ಆಚೀಚೆ ಎರಡೆರಡು ಅಡಿಗೆರೆಗಳಿರಬೇಕು. ಅದೇ ಮಾರ್ಕ್‌ಡೌನಿನಲ್ಲಿ ಆ ಅಡಿಗೆರೆಗಳು ದಪ್ಪ ಅಕ್ಷರಕ್ಕೆ ಆಜ್ಞೆಯಾದುದರಿಂದ ಅವು ಮಾಯವಾಗಿ, ಬರಿಯ ‘ಇನಿಟ್’ ದಪ್ಪಗೆ ಉಳಿಯುತ್ತದೆ. ಓದಿದವನು ಹಾಗೆಯೇ ಬರೆದರೆ ಅವನ ಪ್ರೋಗ್ರಾಂ ಆ ವಿಧಿಯನ್ನು ತಾನಾಗಿ ಎಂದಿಗೂ ಕರೆಯದು.

ಎರಡನೆಯದು ಕೋನಾವರಣದ ಹಸಿವು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ವೆಕ್ಟರ್<ಇಂಟ್> ಎಂದರೆ ಪೂರ್ಣಾಂಕಗಳ ಸಾಲು ಎಂದರ್ಥ. ಎಚ್‌ಟಿಎಂಎಲ್‌ನಲ್ಲಿ ಅದೇ ಕೋನಾವರಣದೊಳಗೆ ಇರುವುದೆಲ್ಲ ಯಂತ್ರಕ್ಕೆ ಕೊಟ್ಟ ಆಜ್ಞೆ. ಲೇಖಕನು ಆವರಣಕ್ಕೆ ಬದಲಿ ಸಂಕೇತವನ್ನು ಬರೆಯಲು ಮರೆತನೋ, ಬ್ರೌಸರು ತನಗೆ ಗೊತ್ತಿಲ್ಲದ ಯಾವುದೋ ಆಜ್ಞೆಯಿರಬೇಕೆಂದು ತಿಳಿದು ಅದನ್ನು ಸದ್ದಿಲ್ಲದೆ ಕಬಳಿಸುತ್ತದೆ. ಪುಟದಲ್ಲಿ ಉಳಿಯುವುದು ‘ವೆಕ್ಟರ್’ ಎಂಬುದಷ್ಟೆ. ಯಾವುದರ ಸಾಲು? ಉತ್ತರವಿಲ್ಲ. ಏನೋ ಬಿಟ್ಟುಹೋಗಿದೆ ಎಂಬ ಸಂಶಯಕ್ಕೂ ಅಲ್ಲಿ ಎಡೆಯಿಲ್ಲ.

ಮೂರನೆಯದು ಅಂದದ ಹೆಸರಿನಲ್ಲಿ ನಡೆಯುವ ಅನರ್ಥ. ಕಂಪ್ಯೂಟರಿಗೆ ಕೊಡುವ ಆಜ್ಞೆಗಳಲ್ಲಿ ಅನೇಕವು --ಹೆಲ್ಪ್ ಎಂಬಂತೆ ಎರಡು ಚಿಕ್ಕ ಅಡ್ಡಗೆರೆಗಳಿಂದ ಆರಂಭವಾಗುತ್ತವೆ. ಅಚ್ಚಿನ ಸೊಗಸನ್ನು ಬಲ್ಲ ಯಂತ್ರವು ಎರಡು ಗೆರೆಗಳನ್ನು ಕೂಡಿಸಿ ಒಂದೇ ನೀಳವಾದ ಗೆರೆಯನ್ನು ಎಳೆಯುತ್ತದೆ. ನೆಟ್ಟಗಿನ ಉದ್ಧರಣಚಿಹ್ನೆಯನ್ನು ಬಾಗಿಸುತ್ತದೆ. ಕಣ್ಣಿಗೇನೋ ಸೊಗಸು. ಅದನ್ನು ನಕಲುಮಾಡಿ ಕಂಪ್ಯೂಟರಿಗೆ ಕೊಟ್ಟರೆ ಅದು ಒಪ್ಪುವುದಿಲ್ಲ. ಪುಸ್ತಕದಲ್ಲಿರುವಂತೆಯೇ ಬರೆದಿದ್ದೇನಲ್ಲ ಎಂದು ಓದುಗನು ಹತ್ತು ಸಲ ಹೋಲಿಸಿ ನೋಡಿಯಾನು. ಎರಡೂ ಒಂದೇ ಎಂದೇ ಅವನಿಗೆ ಕಾಣುತ್ತದೆ, ಏಕೆಂದರೆ ನಿಜಕ್ಕೂ ಅವೆರಡೂ ಒಂದೇ. ತಪ್ಪು ಅವನು ನೋಡುತ್ತಿರುವ ಪುಸ್ತಕದಲ್ಲಿಯೇ ಇದೆ.

ನಾಲ್ಕನೆಯದು ತೆರಪಿನ ತೊಡಕು. ಪೈಥಾನ್ ಭಾಷೆಯ ಕೈಪಿಡಿಯನ್ನು ಹಿಂದೆ ಲೇಟೆಕ್ ಎಂಬ ಪದ್ಧತಿಯಲ್ಲಿ ಬರೆಯುತ್ತಿದ್ದರು. 2008ರಲ್ಲಿ ಗೇಯಾರ್ಗ್ ಬ್ರಾಂಡ್ಲ್ ಎಂಬುವರು ಸ್ಫಿಂಕ್ಸ್ ಎಂಬ ಸಾಧನವನ್ನು ಹೊರತಂದರು. ಅದು ಡೇವಿಡ್ ಗುಡ್ಜರ್ ರೂಪಿಸಿದ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಗುರುತುಪದ್ಧತಿಯನ್ನು ಬಳಸುತ್ತದೆ. ಅಲ್ಲಿ ಉದಾಹರಣೆಗೆ ಮೊದಲು ಎರಡು ವಿವರಣಚಿಹ್ನೆಗಳು, ಬಳಿಕ ಒಂದು ಖಾಲಿ ಸಾಲು, ಆಮೇಲೆ ಎಡದಿಂದ ತುಸು ಒಳಕ್ಕೆ ಸರಿದ ಸಾಲುಗಳು ಇರಬೇಕೆಂಬ ನಿಯಮವುಂಟು. ಒಂದು ಚಿಹ್ನೆ ಕಡಿಮೆಯಾದರೆ ಉದಾಹರಣೆಯು ಗದ್ಯದೊಳಕ್ಕೆ ಹರಿದು ಸಾಲುಗಳೆಲ್ಲ ಒಂದರೊಡನೊಂದು ಕಲೆತುಹೋಗುತ್ತವೆ. ಪೈಥಾನಿನಲ್ಲಿ ಸಾಲಿನ ಮೊದಲ ತೆರಪಿಗೇ ಅರ್ಥವಿದೆ. ಯಾವ ಸಾಲು ಯಾವುದರ ಅಧೀನ ಎಂಬುದನ್ನು ಅದೇ ಹೇಳುವುದು. ತೆರಪು ಅಳಿದ ಉದಾಹರಣೆ ಪ್ರಾಣವಿಲ್ಲದ ಉದಾಹರಣೆ.

ಐದನೆಯದು ದಾರಿ ತಪ್ಪಿದ ಸೂಚನೆ. ‘ಇದನ್ನು ಕುರಿತು ಇಂಥಲ್ಲಿ ನೋಡಿ’ ಎಂದು ಕೈಪಿಡಿ ಹೇಳುತ್ತದೆ. ಅಲ್ಲಿಗೆ ಹೋದರೆ ಆ ಹೆಸರಿನ ವಿಧಿಯೇ ಇಲ್ಲ. ಯಾರೋ ಅದರ ಹೆಸರನ್ನು ಬದಲಾಯಿಸಿದ್ದಾರೆ, ಸೂಚನೆಯನ್ನು ಬದಲಾಯಿಸಲು ಮರೆತಿದ್ದಾರೆ.

ಈ ಐದನೆಯ ತಪ್ಪು ಎಷ್ಟು ಹಳೆಯದೆಂಬುದನ್ನು ಕಾಣಲು ಕಂಪ್ಯೂಟರಿನವರೆಗೂ ಹೋಗಬೇಕಾಗಿಲ್ಲ. ಮೈಸೂರು ಸೀಮೆಯ ಶಾಸನಗಳನ್ನೆಲ್ಲ ಕಲೆಹಾಕಿದ ‘ಎಪಿಗ್ರಾಫಿಯ ಕರ್ನಾಟಿಕ’ ಕನ್ನಡ ಸಂಶೋಧಕರ ಪಾಲಿಗೆ ಮಹಾ ಆಕರ ಕೈಪಿಡಿ. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಸಂಪುಟದಿಂದ ಆ ಕಾರ್ಯವನ್ನಾರಂಭಿಸಿ, 1898ರಲ್ಲಿ ನಾಲ್ಕನೆಯ ಸಂಪುಟವನ್ನು ಪ್ರಕಟಿಸಿದರು. ಹೆಗ್ಗಡದೇವನಕೋಟೆ, ಹುಣಸೂರು, ಎಡತೊರೆ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನ ಸಂಕ್ಷೇಪ ಮತ್ತು ಒಂದು ಸಂಖ್ಯೆ ಎಂಬುದು ಅಲ್ಲಿಯ ಕ್ರಮ. ಅಂದು ಪಿರಿಯಾಪಟ್ಟಣವು ಹುಣಸೂರಿಗೆ ಸೇರಿತ್ತು; ಅಲ್ಲಿಯ ಕಲ್ಲುಗಳಿಗೂ ಹುಣಸೂರಿನ ಸಂಖ್ಯೆಗಳೇ ಬಿದ್ದವು. ಮುಂದೆ ಪಿರಿಯಾಪಟ್ಟಣ ಬೇರೆಯ ತಾಲ್ಲೂಕಾಯಿತು. ಎಡತೊರೆ ತಾಲ್ಲೂಕು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಹೊತ್ತು ಕೃಷ್ಣರಾಜನಗರವೆನಿಸಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಸಂಪುಟಗಳನ್ನು ತಂದಾಗ ಹೆಗ್ಗಡದೇವನಕೋಟೆಯ ಶಾಸನಗಳು 1974ರ ಮೂರನೆಯ ಸಂಪುಟಕ್ಕೂ, ಹುಣಸೂರು ಪಿರಿಯಾಪಟ್ಟಣಗಳವು 1975ರ ನಾಲ್ಕನೆಯದಕ್ಕೂ, ಕೃಷ್ಣರಾಜನಗರದವು 1976ರ ಐದನೆಯದಕ್ಕೂ ಸೇರಿದವು. ಈಚೆಗೆ ಸರಗೂರು, ಸಾಲಿಗ್ರಾಮಗಳೂ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಕಲ್ಲುಗಳು ತಾವಾಗಿ ಒಂದು ಗೇಣೂ ಸರಿಯಲಿಲ್ಲ. ಆದರೆ ಅವುಗಳ ವಿಳಾಸ ಮೂರು ಬಾರಿ ಬದಲಾಯಿತು. ಹಳೆಯ ಪ್ರಬಂಧವೊಂದರಲ್ಲಿ ‘ಹುಣಸೂರು, ಇಂತಿಷ್ಟನೆಯ ಸಂಖ್ಯೆ’ ಎಂಬ ಸೂಚನೆಯನ್ನು ಕಂಡು ಹೊಸ ಸಂಪುಟವನ್ನು ತೆರೆದ ವಿದ್ಯಾರ್ಥಿಗೆ, ಹಳೆಯ ಸಂಖ್ಯೆಗೂ ಹೊಸ ಸಂಖ್ಯೆಗೂ ಹೊಂದಾಣಿಕೆ ತಿಳಿಯದಿದ್ದರೆ, ಬೇರೊಂದು ಊರಿನ ಬೇರೊಂದು ಕಲ್ಲು ಎದುರಾಗುತ್ತದೆ.

ಶಾಸನಸಂಪಾದನೆಯಲ್ಲಿ ಆವರಣಚಿಹ್ನೆಗಳಿಗೂ ಅಷ್ಟೇ ಗೌರವ. ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆದಾಗ ಕೆಲವು ಅಕ್ಷರಗಳು ಸ್ಪಷ್ಟವಾಗಿ ಮೂಡುತ್ತವೆ, ಕೆಲವು ಮಸುಕಾಗಿರುತ್ತವೆ, ಕೆಲವು ಸವೆದೇ ಹೋಗಿರುತ್ತವೆ. ಸವೆದುದನ್ನು ವಿದ್ವಾಂಸನು ಊಹಿಸಿ ತುಂಬಿದರೆ ಅದನ್ನು ಆವರಣದೊಳಗೆ ಇಡಬೇಕು. ಯೂರೋಪಿನ ವಿದ್ವಾಂಸರು 1931ರಲ್ಲಿ ಲೈಡನ್ ನಗರದಲ್ಲಿ ಕೂಡಿ ಇಂಥ ಚಿಹ್ನೆಗಳಿಗೆ ಒಂದು ಒಪ್ಪಂದವನ್ನೇ ಮಾಡಿಕೊಂಡರು. ಆವರಣವೊಂದು ಬಿದ್ದುಹೋಯಿತೆನ್ನಿ: ವಿದ್ವಾಂಸನ ಊಹೆಯು ಕಲ್ಲಿನ ಸಾಕ್ಷ್ಯವಾಗಿಬಿಡುತ್ತದೆ. ಅಂದಿನ ಹೆಗ್ಗಡದೇವನಕೋಟೆ ತಾಲ್ಲೂಕಿನ 18ನೆಯ ಶಾಸನ ಬೆಳತೂರಿನದು, 1057ರ ಕಾಲದ್ದು. ಗಂಡ ಏಚನು ರಾಜಾಜ್ಞೆಯಿಂದ ತಲಕಾಡಿನಲ್ಲಿ ಹತನಾದನೆಂಬ ಸುದ್ದಿಯನ್ನು ಕೇಳಿ, ಹೆತ್ತವರು ತಡೆದರೂ ಕೇಳದೆ ಬೆಂಕಿಯನ್ನು ಹೊಕ್ಕ ದೇಕಬ್ಬೆಯ ದಾರುಣ ಕಥೆ ಅದರಲ್ಲಿದೆ. ಆ ಹೆಣ್ಣುಮಗಳ ವಿಷಯದಲ್ಲಿ ಲೋಕಕ್ಕಿರುವ ಸಾಕ್ಷಿ ಅದೊಂದು ಕಲ್ಲು. ಅಂಥ ಬರಹದಲ್ಲಿ ಯಾವ ಅಕ್ಷರ ಕಲ್ಲಿನದು, ಯಾವುದು ಓದಿದವರದು ಎಂಬ ಗಡಿ ಅಳಿಸಿಹೋಗುವುದು ಸಣ್ಣ ತಪ್ಪೇ?

ಅದೇ ಚೌಕಾವರಣಕ್ಕೆ ಪ್ರೋಗ್ರಾಂ ಕೈಪಿಡಿಯಲ್ಲಿ ಮತ್ತೊಂದು ಅರ್ಥವುಂಟು. ವಿಧಿಯ ಸೂತ್ರದಲ್ಲಿ ಒಂದು ಅಂಶವನ್ನು ಚೌಕಾವರಣದೊಳಗೆ ಕೊಟ್ಟಿದ್ದರೆ, ಅದನ್ನು ಬೇಕಾದರೆ ಕೊಡಬಹುದು, ಬೇಡವಾದರೆ ಬಿಡಬಹುದು ಎಂದು ತಾತ್ಪರ್ಯ. ಪೈಥಾನಿನಲ್ಲಿಯೋ ಚೌಕಾವರಣವೆಂದರೆ ಪಟ್ಟಿ. ಹೊಸಬನು ಆವರಣವನ್ನೂ ಸೇರಿಸಿಯೇ ಬರೆದು ಪೇಚಿಗೆ ಸಿಕ್ಕಿಕೊಳ್ಳುವುದು ಅಪರೂಪವಲ್ಲ. ಇಲ್ಲಿ ಗುರುತು ತಪ್ಪಿಲ್ಲ. ಅದರ ಅರ್ಥವನ್ನು ಮೊದಲ ಪುಟದಲ್ಲಿ ಹೇಳದಿರುವುದೇ ತಪ್ಪು.

ಹಾಗಾದರೆ ತಿದ್ದುವ ಬಗೆ ಹೇಗೆ? ಕೆಲಸ ಸುಲಭವೆಂದು ತೋರುತ್ತದೆ. ಒಂದು ನಕ್ಷತ್ರವನ್ನು ಸೇರಿಸುವುದು, ಒಂದು ಗೆರೆಯನ್ನು ಬಿಡಿಸುವುದು, ಅಷ್ಟೇ ತಾನೇ? ಆದರೆ ಪ್ರತಿ ಶುದ್ಧಮಾಡುವ ಹಳೆಯ ವಿದ್ಯೆಗೆ ಬೇಕಾದ ಸಂಯಮವೆಲ್ಲ ಇದಕ್ಕೂ ಬೇಕು.

ಮೊದಲನೆಯ ನಿಯಮವೆಂದರೆ ಮೂಲವನ್ನೂ ಫಲವನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ನೋಡುವುದು. ಬರಿಯ ಮೂಲವನ್ನು ನೋಡಿದರೆ 2*3*4 ಸರಿಯಾಗಿಯೇ ಕಾಣುತ್ತದೆ. ಬರಿಯ ಫಲವನ್ನು ನೋಡಿದರೆ 234 ಎಂಬುದೂ ಒಂದು ಸಂಖ್ಯೆಯೇ. ಎರಡನ್ನೂ ಕೂಡಿಸಿ ನೋಡಿದವನಿಗೇ ತಪ್ಪು ಸಿಕ್ಕುವುದು. ಎರಡನೆಯದು ಯಂತ್ರದ ದೂರುಗಳನ್ನು ಕೇಳುವುದು. ಸ್ಫಿಂಕ್ಸಿನಂಥ ಸಾಧನಗಳು ಪುಸ್ತಕವನ್ನು ಕಟ್ಟುವಾಗ ಇಂಥ ಸಾಲಿನಲ್ಲಿ ಆರಂಭದ ಗುರುತಿದೆ, ಅಂತ್ಯದ ಗುರುತಿಲ್ಲ ಎಂದೂ, ಇಂಥ ಸೂಚನೆಗೆ ಗುರಿಯಿಲ್ಲ ಎಂದೂ ಎಚ್ಚರಿಸುತ್ತವೆ. ಪುಸ್ತಕ ಹೇಗೂ ಸಿದ್ಧವಾಯಿತಲ್ಲ ಎಂದು ಆ ಎಚ್ಚರಿಕೆಗಳನ್ನು ಬದಿಗೊತ್ತುವ ಅಭ್ಯಾಸದಿಂದಲೇ ತಪ್ಪುಗಳು ವರ್ಷಗಟ್ಟಲೆ ಉಳಿಯುತ್ತವೆ. ಒಂದು ಎಚ್ಚರಿಕೆಯಿದ್ದರೂ ಪುಸ್ತಕವನ್ನು ಕಟ್ಟಕೂಡದೆಂದು ಕಟ್ಟಳೆ ಮಾಡಿಕೊಂಡ ಬಳಗಗಳ ಕೈಪಿಡಿ ಚೊಕ್ಕಟವಾಗಿರುತ್ತದೆ.

ಮೂರನೆಯದು, ಉದಾಹರಣೆಗಳನ್ನು ನಡೆಸಿಯೇ ನೋಡುವುದು. ಪೈಥಾನಿನಲ್ಲಿ 2001ರಿಂದಲೂ ಡಾಕ್‌ಟೆಸ್ಟ್ ಎಂಬ ಸೌಲಭ್ಯವಿದೆ. ಕೈಪಿಡಿಯಲ್ಲಿರುವ ಉದಾಹರಣೆಯನ್ನು ಅದು ತಾನೇ ನಡೆಸಿ, ಬಂದ ಉತ್ತರವನ್ನು ಅಚ್ಚಾದ ಉತ್ತರದೊಡನೆ ಹೋಲಿಸುತ್ತದೆ. ಕೇಶಿರಾಜನ ಪ್ರಯೋಗಗಳನ್ನು ಕವಿಗಳ ಕಾವ್ಯಗಳಲ್ಲಿ ಹುಡುಕಿ ತಾಳೆನೋಡಿದ ಸಂಪಾದಕರ ಶ್ರಮವನ್ನು ಇಲ್ಲಿ ಯಂತ್ರವೇ ವಹಿಸಿಕೊಂಡಿತು. ಆದರೂ ಯಂತ್ರಕ್ಕೆ ತಿಳಿಯದ ತಪ್ಪುಗಳು ಬಹಳ. ಕಬಳಿಸಲ್ಪಟ್ಟ ಕೋನಾವರಣದ ವಿಷಯದಲ್ಲಿ ಅದು ದೂರುವುದೇ ಇಲ್ಲ. ಅದಕ್ಕೆ ಅರ್ಥವನ್ನು ಬಲ್ಲ ಮನುಷ್ಯನ ಕಣ್ಣೇ ಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಕಠಿನವಾದ ನಿಯಮ: ಚಿಹ್ನೆಯನ್ನು ತಿದ್ದಲು ಕುಳಿತವನು ಚಿಹ್ನೆಯನ್ನು ಮಾತ್ರ ತಿದ್ದಬೇಕು. ಹಾದಿಯಲ್ಲಿ ವಾಕ್ಯವೊಂದು ಒರಟಾಗಿ ಕಂಡಿತೆಂದು ಅದನ್ನೂ ನಯಗೊಳಿಸಹೊರಟರೆ, ಪರಿಶೀಲಿಸುವವರಿಗೆ ಯಾವ ಬದಲಾವಣೆ ಯಾವ ಕಾರಣಕ್ಕೆ ಎಂಬುದು ತಿಳಿಯದು. ಒಂದು ಬಗೆಯ ತಪ್ಪಿಗೆ ಒಂದು ತಿದ್ದುಪಡಿ. ಸಂಶಯವಿದ್ದೆಡೆ ಮೂಲವನ್ನು ಹಾಗೆಯೇ ಬಿಟ್ಟು ಬಲ್ಲವರನ್ನು ಕೇಳುವುದು. ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ಆಸೆಯಂತೂ ಅಪಾಯಕಾರಿ. ಮಾರ್ಕ್‌ಡೌನಿನಲ್ಲಿ ಪ್ರೋಗ್ರಾಮಿನ ತುಣುಕಿನ ಆಚೀಚೆ ಒಂದೊಂದು ಒಕ್ಕೊರೆ ಸಾಕು. ರೀಸ್ಟ್ರಕ್ಚರ್ಡ್‌ಟೆಕ್ಸ್ಟಿನಲ್ಲಿ ಎರಡೆರಡು ಬೇಕು. ಒಂದರ ಅಭ್ಯಾಸದಿಂದ ಇನ್ನೊಂದನ್ನು ಬರೆಯುವವರು ಒಂದೊಂದನ್ನೇ ಹಾಕುವುದು ಸಾಮಾನ್ಯ. ಹಾಗೆಂದು ಒಂದೊಂದಿರುವುದನ್ನೆಲ್ಲ ಎರಡೆರಡಾಗಿಸಿದರೆ, ಬೇಕೆಂದೇ ಒಂದನ್ನಿಟ್ಟು ಬೇರೆ ಪುಟಕ್ಕೆ ಸೂಚನೆ ಕೊಟ್ಟಿದ್ದ ಕಡೆಗಳೆಲ್ಲ ಕೆಟ್ಟು, ಸರಿಯಾಗಿದ್ದ ನೂರು ದಾರಿಗಳು ಮುಚ್ಚಿಹೋಗುತ್ತವೆ. ಕಳೆ ಕೀಳುವ ಅವಸರದಲ್ಲಿ ಪೈರನ್ನೂ ಕಿತ್ತಂತಾಗುತ್ತದೆ. ಕೃಷ್ಣರಾಜನಗರದ ಭತ್ತದ ಗದ್ದೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಕನ್ನಡಕ್ಕೆ ಬಂದಾಗ ಇನ್ನೆರಡು ತೊಡಕುಗಳು ಸೇರಿಕೊಳ್ಳುತ್ತವೆ. ರೀಸ್ಟ್ರಕ್ಚರ್ಡ್‌ಟೆಕ್ಸ್ಟಿನ ನಿಯಮದಂತೆ ಕೊನೆಯ ನಕ್ಷತ್ರದ ಬಳಿಕ ತೆರಪಾಗಲಿ ವಿರಾಮಚಿಹ್ನೆಯಾಗಲಿ ಇರಬೇಕು. ವಿಭಕ್ತಿಯ ಕೆಲಸವನ್ನು ಬೇರೆಯಾಗಿ ನಿಂತ ಪದಗಳಿಂದ ಮಾಡಿಸುವ ಇಂಗ್ಲಿಷಿಗೆ ಇದು ಸಹಜ. ಕನ್ನಡದಲ್ಲಿ ಪ್ರತ್ಯಯವು ಪ್ರಕೃತಿಗೆ ಅಂಟಿಕೊಂಡೇ ಬರತಕ್ಕದ್ದು. *ಸೂಚಿ*ಯನ್ನು ಎಂದು ಬರೆದರೆ ನಕ್ಷತ್ರದ ಬೆನ್ನಿಗೇ ‘ಯನ್ನು’ ಬಂದುದರಿಂದ ಯಂತ್ರವು ಗುರುತನ್ನು ಗುರುತೆಂದೇ ಒಪ್ಪುವುದಿಲ್ಲ. ನಡುವೆ ಹಿಂಬಾಗಿದ ಗೆರೆಯೊಂದನ್ನೂ ಒಂದು ತೆರಪನ್ನೂ ಇಟ್ಟರೆ, ಅವೆರಡೂ ಪುಟದಲ್ಲಿ ಕಾಣದೆ ಮರೆಯಾಗಿ, ಪದ ಕೂಡಿಕೊಳ್ಳುತ್ತದೆ. ದ್ವಿತೀಯಾ ವಿಭಕ್ತಿಗೆ ಹೀಗೊಂದು ಸೇತುವೆ ಕಟ್ಟಬೇಕಾದೀತೆಂದು ಯಾವ ವೈಯಾಕರಣನು ನೆನೆದಿದ್ದನು!

ಎರಡನೆಯದು ಯೂನಿಕೋಡಿನ ಅಗಲವಿಲ್ಲದ ಅಕ್ಷರ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರದ ಬಳಿಕ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಇಡಬೇಕು. ಇಡದಿದ್ದರೆ ವಕಾರವು ಒತ್ತಕ್ಷರವಾಗಿ ಕೆಳಗಿಳಿದು ‘ಸಾಫ್ಟ್ವೇರ್’ ಆಗುತ್ತದೆ. ಒಬ್ಬರು ಆ ಚಿಹ್ನೆಯನ್ನಿಟ್ಟು ಬರೆದುದನ್ನು ಇನ್ನೊಬ್ಬರು ಇಡದೆ ಹುಡುಕಿದರೆ ಯಂತ್ರವು ‘ಸಿಕ್ಕಲಿಲ್ಲ’ ಎನ್ನುವುದೂ ಉಂಟು. ಕೈಪಿಡಿಗಳನ್ನು ಕನ್ನಡಕ್ಕೆ ತರುವವರು ಅನುವಾದದಲ್ಲಿ ಎಷ್ಟು ನಿಪುಣರಾದರೂ, ಈ ಕಾಣದ ಕಾವಲುಗಾರನನ್ನು ಮರೆತರೆ ಅವರ ಪುಸ್ತಕದಲ್ಲಿ ಹುಡುಕಿದ್ದು ದೊರೆಯದು.

ಇಷ್ಟೆಲ್ಲ ಶ್ರಮಕ್ಕೆ ಕೀರ್ತಿಯೆಷ್ಟು? ಏನೂ ಇಲ್ಲವೆಂದರೂ ನಡೆದೀತು. ಹೊಸ ವಿಧಿಯನ್ನು ಬರೆದವನಿಗೆ ಹೊಗಳಿಕೆ ಸಲ್ಲುತ್ತದೆ. ಹಳೆಯ ಪುಟದಲ್ಲಿ ಒಂದು ನಕ್ಷತ್ರವನ್ನು ನೆಟ್ಟಗೆ ನಿಲ್ಲಿಸಿದವನನ್ನು ಯಾರೂ ಕೇಳರು. ಈ ಕೆಲಸ ಹಗುರವೆಂಬ ಭಾವನೆಯಿಂದ ಅನಾಹುತವೂ ಆದುದುಂಟು. ಮುಕ್ತ ತಂತ್ರಾಂಶಗಳಿಗೆ ನೆರವಾಗುವವರನ್ನು ಪ್ರೋತ್ಸಾಹಿಸಲೆಂದು ಪ್ರತಿವರ್ಷ ಅಕ್ಟೋಬರಿನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮದಲ್ಲಿ, ಕೆಲವು ತಿದ್ದುಪಡಿಗಳನ್ನು ಕಳುಹಿಸಿದವರಿಗೆ ಟೀ ಷರ್ಟನ್ನು ಕೊಡುವ ಪದ್ಧತಿಯಿತ್ತು. 2020ರಲ್ಲಿ ಅಂಗಿಯ ಆಸೆಗೆ ಬಿದ್ದ ಅನೇಕರು ಕೈಪಿಡಿಗಳಲ್ಲಿ ಅಲ್ಲೊಂದು ವಿಶೇಷಣ, ಇಲ್ಲೊಂದು ಆಶ್ಚರ್ಯಚಿಹ್ನೆಯನ್ನು ತುರುಕಿ ಕಳುಹಿಸಿದರು. ಸಂಬಳವಿಲ್ಲದೆ ಆ ಭಂಡಾರಗಳನ್ನು ಕಾಯುತ್ತಿದ್ದವರು ಅವನ್ನು ತಳ್ಳಿಹಾಕುವುದರಲ್ಲೇ ದಣಿದರು. ಕೊನೆಗೆ, ಒಪ್ಪಿಗೆಯನ್ನು ಸೂಚಿಸಿದ ಭಂಡಾರಗಳಿಗೆ ಮಾತ್ರ ತಿದ್ದುಪಡಿ ಕಳುಹಿಸಬೇಕೆಂದು ನಿಯಮವನ್ನೇ ಬದಲಾಯಿಸಬೇಕಾಯಿತು. ಓದದೆ ತಿದ್ದಿದವನಿಗಿಂತ ತಿದ್ದದೆ ಓದಿದವನೇ ಮೇಲು.

ಆದರೆ ಓದಿ ತಿದ್ದುವವನ ಬೆಲೆಯನ್ನು ಅಳೆಯಬೇಕಾದರೆ ಪುಸ್ತಕದ ಆಚೆಯ ತುದಿಯಲ್ಲಿ ಕುಳಿತವನನ್ನು ನೆನೆಯಬೇಕು. ಬೆಂಗಳೂರಿನ ಕಚೇರಿಯಲ್ಲಿ ಕೆಲಸಮಾಡುವವನಿಗೆ ಕೈಪಿಡಿ ಕೈಕೊಟ್ಟರೆ ಪಕ್ಕದ ಮೇಜಿನವನುಂಟು. ಪಿರಿಯಾಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ, ಸಂಜೆ ಬಸ್ಸಿನಿಂದಿಳಿದು, ಮನೆಯ ಮೂಲೆಯಲ್ಲಿ ಹಳೆಯ ಲ್ಯಾಪ್‌ಟಾಪನ್ನು ತೆರೆದು ಕುಳಿತ ವಿದ್ಯಾರ್ಥಿನಿಗೆ ಯಾರಿದ್ದಾರೆ? ಮನೆಯಲ್ಲಿ ಆ ವಿದ್ಯೆಯನ್ನು ಓದಿದವರಿಲ್ಲ. ಇಂಗ್ಲಿಷ್ ಅವಳಿಗೆ ಪಾಠದ ಭಾಷೆ, ಮಾತಿನ ಭಾಷೆಯಲ್ಲ. ಅವಳಿಗೆ ಗುರುವೂ ಗ್ರಂಥವೂ ಆ ಕೈಪಿಡಿಯೇ. ಅಲ್ಲಿರುವಂತೆಯೇ ಅವಳು ಬರೆಯುತ್ತಾಳೆ, ಯಂತ್ರ ಒಪ್ಪುವುದಿಲ್ಲ. ಅಚ್ಚಾದ ಪುಸ್ತಕ ತಪ್ಪಿರಬಹುದೆಂಬ ಆಲೋಚನೆ ಅವಳಿಗೆ ಸುಳಿಯುವುದಿಲ್ಲ. ‘ಇದು ನನ್ನ ತಲೆಗೆ ಹತ್ತುವ ವಿದ್ಯೆಯಲ್ಲ’ ಎಂದು ಅವಳು ಪುಟವನ್ನು ಮುಚ್ಚುತ್ತಾಳೆ. ಎಲ್ಲಿಯೋ ದೂರದೇಶದಲ್ಲಿ ಒಬ್ಬನು ಮರೆತ ಎರಡು ಗೆರೆಗಳು ಇಲ್ಲಿ ಒಂದು ಜೀವದ ಆತ್ಮವಿಶ್ವಾಸವನ್ನು ಕುಂದಿಸಿದುವು. ಹೀಗೆ ಹಿಂದಿರುಗಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ, ಇಡುವ ಬಗೆಯೂ ಇಲ್ಲ. ಏಕೆಂದರೆ ಹೀಗೆ ಪುಟ ಮುಚ್ಚಿದವರು ದೂರು ಕೊಡುವುದಿಲ್ಲ.

ಇದಕ್ಕೆ ಮರುಮುಖವೂ ಒಂದುಂಟು. ಅದೇ ವಿದ್ಯಾರ್ಥಿನಿಗೆ ಯಾರಾದರೊಬ್ಬ ಅಧ್ಯಾಪಕರು, ‘ಪುಸ್ತಕವನ್ನೂ ಒಮ್ಮೆ ಸಂಶಯಿಸಿ ನೋಡಮ್ಮ, ಅದರ ಮೂಲವನ್ನು ತೆರೆದು ನೋಡು’ ಎಂದು ಹೇಳಿದರೆಂದು ಭಾವಿಸಬಹುದು. ಮುಕ್ತ ತಂತ್ರಾಂಶಗಳ ಕೈಪಿಡಿಯ ಮೂಲ ಎಲ್ಲರಿಗೂ ತೆರೆದಿಟ್ಟದ್ದು. ಅವಳು ನೋಡುತ್ತಾಳೆ, ಮೂಲದಲ್ಲಿ ಎರಡು ಗೆರೆಗಳಿವೆ, ಪುಟದಲ್ಲಿ ಒಂದೇ ಇದೆ. ತಪ್ಪು ತನ್ನದಲ್ಲವೆಂದು ಅವಳಿಗೆ ಆಗ ತಿಳಿಯುತ್ತದೆ. ಆ ಎರಡು ಗೆರೆಗಳನ್ನು ತಕ್ಕ ಗುರುತಿನೊಳಗೆ ಭದ್ರಪಡಿಸಿ, ಕಾರಣವನ್ನು ಎರಡು ಸಾಲಿನಲ್ಲಿ ಬರೆದು ಕಳುಹಿಸುತ್ತಾಳೆ. ಭಂಡಾರವನ್ನು ಕಾಯುವವರು ಒಪ್ಪಿದರೆ, ಲೋಕದ ನಾನಾ ದೇಶಗಳವರು ನಾಳೆ ಓದುವ ಪುಟದಲ್ಲಿ ಅವಳ ಕೈಗುರುತಿರುತ್ತದೆ. ಪ್ರೋಗ್ರಾಂ ಬರೆಯುವ ದೊಡ್ಡ ಬಳಗಗಳೊಳಕ್ಕೆ ಹೀಗೆ ಕೈಪಿಡಿಯ ಒಂದು ಚಿಹ್ನೆಯನ್ನು ತಿದ್ದುವುದರ ಮೂಲಕವೇ ಮೊದಲ ಹೆಜ್ಜೆಯಿಟ್ಟವರು ಹಲವರು.

ಹುಣಸೂರು, ಹೆಗ್ಗಡದೇವನಕೋಟೆಗಳ ಕಾಲೇಜುಗಳಲ್ಲಿ ಕಂಪ್ಯೂಟರನ್ನು ಬೋಧಿಸುವವರೂ ಕನ್ನಡವನ್ನು ಬೋಧಿಸುವವರೂ ಒಂದೇ ಕೊಠಡಿಯಲ್ಲಿ ಕುಳಿತು ಚಹಾ ಕುಡಿಯುತ್ತಾರೆ. ಗ್ರಂಥಸಂಪಾದನೆಯನ್ನು ಓದಿದವರಿಗೆ ಪಾಠಾಂತರ, ಲಿಪಿಕಾರದೋಷ, ಆವರಣಚಿಹ್ನೆಗಳ ನಿಯಮ ಗೊತ್ತು. ಪ್ರೋಗ್ರಾಂ ಬಲ್ಲವರಿಗೆ ಯಂತ್ರದ ಸ್ವಭಾವ ಗೊತ್ತು. ತಿಂಗಳಿಗೊಂದು ಸಂಜೆ ಇಬ್ಬರೂ ಕೂಡಿ, ಹತ್ತು ಮಂದಿ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಒಂದು ಕೈಪಿಡಿಯ ಒಂದೇ ಅಧ್ಯಾಯವನ್ನು ಮೂಲದೊಡನೆ ತಾಳೆನೋಡಿದರೆ ಸಾಕು. ಸಿಕ್ಕ ತಪ್ಪುಗಳನ್ನು ಅಂದೇ ಕಳುಹಿಸಬೇಕೆಂಬ ಅವಸರವಿಲ್ಲ; ನಿಜವಾಗಿ ತಪ್ಪೇ ಎಂದು ಮರುದಿನ ಇನ್ನೊಮ್ಮೆ ನೋಡಿ ಕಳುಹಿಸಬಹುದು.